ಮೋರ್ಚಾಕ್ಕೆ ಹೋದ ಗೋಣಿಚೀಲಗಳು

ಆ ದಿನ ಬೆಳಿಗ್ಗೆಯೂ ನಾನು ಹಾಲನ್ನು ಸಣ್ಣ ಉರಿಯ ಮೇಲಿಟ್ಟು ಅಂಗಳಕ್ಕೆ ನೀರು ಹಾಕಲು ಹೋದೆ. ರಾತ್ರಿಯಿಡೀ ಮಳೆ ಸುರಿದಿದ್ದರಿಂದ ನೀರು ಹಾಕುವ ಅಗತ್ಯವೇ ಇರಲಿಲ್ಲ. ಆದರೂ ರೂಢಿಯಂತೆ ಚೊಂಬು ಹಿಡಿದುಕೊಂಡೇ ಹೋಗಿದ್ದೆ. ಒದ್ದೆ ಕಲ್ಲಿನ ಮೇಲೆ ರಂಗೋಲಿಪುಡಿ ನಿಲ್ಲದೆ ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಒರೆಸಿ ಮತ್ತೆ ಇಟ್ಟೆ. ಕಾಂಪೌಂಡ್ ಗೋಡೆಯ ಬಿರುಕು ಮಳೆಗೆ ಮುಚ್ಚಿಕೊಂಡಿತ್ತು. ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಸಾಲಿನಲ್ಲಿ ಅಡಿಯಲ್ಲೆಲ್ಲ ಎರೆಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಮಗಳು ಕಾಲೇಜಿನ ಕೆಡೆಟ್ ಶಿಬಿರದಲ್ಲಿ ಕಂದಕ ತೋಡುತ್ತಿದ್ದ ಜಾಗದಲ್ಲೂ ಇದೇ ಮಣ್ಣು ಎಂದು ನೆನಪಾಗಿ, ಆ ಬಿರುಕಿನ ಮುಂದೆ ಸ್ವಲ್ಪ ಹೊತ್ತು ನಿಂತೆ.

“ಅಕ್ಕಾರ, ಹಾಲು ಸೀದೈತೆ ನೋಡ್ರಿ.”

ಗೋಡೆಯಾಚೆಯಿಂದ ಹೇಳಿದವರು ಪಕ್ಕದ ಮನೆಯ ಭಾಬಿ. ಅವರ ಯಜಮಾನರಿಗೆ ಹಳೇಪೇಟೆಯಲ್ಲಿ ಹಗ್ಗ ಮತ್ತು ತಾಡಪಾಲಿನ ಅಂಗಡಿ ಇದೆ. ಭಾಬಿ ಹಿತ್ತಲಿನಲ್ಲಿ ಸೋಪಿನ ನೊರೆಯೊಳಗೆ ಮೊಣಕೈವರೆಗೆ ಮುಳುಗಿದ್ದರು. ಆ ಸೋಪಿನ ವಾಸನೆಯನ್ನೂ ದಾಟಿ ಅವರಿಗೆ ನಮ್ಮ ಹಾಲು ಸೀದದ್ದು ಗೊತ್ತಾಗಿತ್ತು.

ಒಳಗೆ ಓಡಿದೆ. ಪಾತ್ರೆಯ ತಳ ಕಪ್ಪಾಗಿ, ಅಡುಗೆಮನೆಯ ತುಂಬ ಹೊಗೆ. ಆ ಹೊಗೆಯೊಳಗೆ, ಒಲೆಯಿಂದ ಕೈಯಳತೆಯಲ್ಲಿ, ನಮ್ಮ ಅತ್ತೆಯವರು ಕಾಲು ಚಾಚಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಅವರ ಕಣ್ಣು ಸೊಪ್ಪಿನ ಮೇಲಿತ್ತು. ಒಲೆಗೆ ಬೆನ್ನಾಗಿದ್ದರು. ಮುಖದಲ್ಲಿ ಏನೇನೂ ಇರಲಿಲ್ಲ.

ಬೇರೆ ಮನೆಯಲ್ಲಾದರೆ ವಯಸ್ಸಾದವರು, ಗಮನಿಸಲಿಲ್ಲ ಎಂದು ಸುಮ್ಮನಾಗಬಹುದಿತ್ತು. ನಮ್ಮ ಮನೆಯ ಅನ್ನವೇ ಅತ್ತೆಯವರ ಮೂಗಿನ ಮೇಲೆ ನಿಂತಿದೆ. ನಮ್ಮದು ಹಳೆ ಗೋಣಿಚೀಲದ ವ್ಯಾಪಾರ. ಮೆಕ್ಕೆಜೋಳದ ಮಂಡಿಗಳಿಂದ, ಎಣ್ಣೆ ಗಾಣಗಳಿಂದ, ಕಿರಾಣಿ ಅಂಗಡಿಗಳಿಂದ ಚೀಲ ಕೊಂಡು, ಹರಿದದ್ದನ್ನು ಹೊಲಿಸಿ ಮತ್ತೆ ಮಾರುವುದು. ಹೊಲಿಗೆ ಯಾರಾದರೂ ಹಾಕುತ್ತಾರೆ, ವಿಂಗಡಿಸುವುದು ಮಾತ್ರ ಕಷ್ಟ. ಉಪ್ಪು ತುಂಬಿದ್ದ ಚೀಲಕ್ಕೆ ಸಕ್ಕರೆ ತುಂಬುವಂತಿಲ್ಲ. ಮೆಣಸಿನಕಾಯಿ ಚೀಲ ಅಕ್ಕಿಗೆ ಬರುವುದಿಲ್ಲ. ಹಿಂಡಿ ತುಂಬಿದ್ದನ್ನು ದನಗಳಿರುವ ಕಡೆ ಇಡುವಂತಿಲ್ಲ, ಹರಿದು ತಿನ್ನುತ್ತವೆ. ಅತ್ತೆಯವರು ಚೀಲದ ಬಾಯಿಯನ್ನು ಎರಡು ಕೈಯಲ್ಲಿ ಅಗಲಿಸಿ, ಮುಖವನ್ನು ಒಳಗೆ ಇಟ್ಟು ತೆಗೆದು, ಬಲಕ್ಕೋ ಎಡಕ್ಕೋ ಎಸೆಯುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನು ನೋಡಿ ನನಗೆ ನಗು ಬಂದಿತ್ತು. ಹರಿಹರದ ಕಾನ್ವೆಂಟಿನಲ್ಲಿ ಓದಿದವಳು ನಾನು. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಎದೆಗೆ ಪಿನ್ ಹಾಕಿಕೊಂಡು ಬೆಳೆದವಳು.

ಇವೆಲ್ಲವುಗಳಿಂದ ಬೇರೆಯಾಗಿ ಮೂಲೆಗೆ ಬೀಳುವ ಒಂದು ಗುಂಪಿದೆ, ಔಷಧಿ ಚೀಲ. ಬಿತ್ತನೆ ಬೀಜಕ್ಕೆ ಹುಳ ಸಾಯುವ ಪುಡಿ ಸವರಿ ತುಂಬಿಟ್ಟವು. ಕಣ್ಣಿಗೆ ಎಲ್ಲ ಚೀಲಗಳ ಹಾಗೆಯೇ ಕಾಣುತ್ತವೆ. ಮೂಗಿಗೆ ಹಿಡಿದರೆ ಕಹಿಯಾದ, ಗಂಟಲು ಹಿಡಿಯುವಂಥ ವಾಸನೆ. ಒಮ್ಮೆ ಅಂಥ ಚೀಲವನ್ನು ನೆಕ್ಕಿದ ಹಿಂದಿನ ಬೀದಿಯವರ ಕರು ಸಂಜೆಯ ಹೊತ್ತಿಗೆ ಕಾಲು ಸೆಟೆದುಕೊಂಡು ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸೀದ ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟಾಗ ನೆನಪಾಯಿತು. ಮಗಳ ಶಿಬಿರಕ್ಕೆ ಚೀಲ ಆರಿಸಿ ಕೊಟ್ಟವರು ಅತ್ತೆಯವರೇ.

ನನ್ನ ಮಗಳು ಡಿಗ್ರಿ ಮೊದಲ ವರ್ಷದಲ್ಲಿದ್ದಾಳೆ, ಕಾಲೇಜಿನ ಕೆಡೆಟ್ ತುಕಡಿಯಲ್ಲಿದ್ದಾಳೆ. ಹರಿಹರದಿಂದ ಭಾನುವಳ್ಳಿ ಕಡೆ ಹೋಗುವ ರಸ್ತೆಯ ಒಂದು ಮೈದಾನದಲ್ಲಿ ಅವರ ಶಿಬಿರ. ಈ ಸಲ ಹುಡುಗಿಯರ ಗುಂಪುಗಳು ಯುದ್ಧದಲ್ಲಿರುವಂಥ ಕಂದಕವನ್ನು ತಾವೇ ತೋಡಿ, ಅದಕ್ಕೆ ಮಣ್ಣಿನ ರಕ್ಷಣೆ ಕಟ್ಟಬೇಕು. ಆ ಮಧ್ಯಾಹ್ನ ದೊಡ್ಡ ಅಧಿಕಾರಿಯೊಬ್ಬರು ಬಂದು ನೋಡಿ ಯಾರದು ಚೆನ್ನಾಗಿದೆ ಎಂದು ಹೇಳುವವರಿದ್ದರು. ಮಣ್ಣು ತುಂಬಲು ಚೀಲ ಬೇಕೆಂದಾಗ ಮಗಳು ಎದ್ದು ನಿಂತು, ನಮ್ಮ ಮನೆಯಿಂದ ತರುತ್ತೇನೆ ಎಂದಳಂತೆ. ಚೀಲಗಳು ಹೋದ ದಿನ ನಾನು ಮಾಯಕೊಂಡದಲ್ಲಿ ತೊಟ್ಟಿಲು ಕಾರ್ಯಕ್ಕೆ ಹೋಗಿದ್ದೆ. ಮರಳಿ ಬರುವಷ್ಟರಲ್ಲಿ ಕಟ್ಟುಗಳು ಆಟೋ ಏರಿ ಹೋಗಿದ್ದವು.

ನನ್ನನ್ನು ಹಿಂಡಿದ ಯೋಚನೆ ಇದು: ಹುಡುಗಿಯರು ಆ ಚೀಲಗಳ ಮೇಲೆ ಗದ್ದ ಊರಿ, ಕೆನ್ನೆ ಒತ್ತಿ, ಗಂಟೆಗಟ್ಟಲೆ ನಿಲ್ಲುತ್ತಾರೆ. ಮಗಳೇ ಫೋನಿನಲ್ಲಿ ಅದನ್ನು ಹೇಳಿದ್ದಳು, ಹೆಮ್ಮೆಯಿಂದ. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ಮೇಲಿಂದ ಈಗ ಮಳೆ. ಚೀಲ ನೆನೆದು ಅದಕ್ಕೆ ಹಿಡಿದಿದ್ದ ಔಷಧಿ ಹರಿದು ಬಂದರೆ?

ನಾನು ಒಂದು ಪರೀಕ್ಷೆ ಮಾಡಿದೆ. ಅದನ್ನು ನೆನೆದರೆ ಈಗಲೂ ಸಂಕೋಚವಾಗುತ್ತದೆ. ಕಪಾಟಿನಿಂದ ತೊಳೆದ ಪಾತ್ರೆಯೊಂದನ್ನು ತೆಗೆದು ಅತ್ತೆಯವರ ಮುಖದ ಹತ್ತಿರ ಹಿಡಿದು, ಸೀದ ವಾಸನೆ ಇನ್ನೂ ಇದೆಯೇ, ಮತ್ತೊಮ್ಮೆ ಉಜ್ಜಲೇ ಎಂದು ಕೇಳಿದೆ. ಅವರು ಮೂಗು ಮುಂದೆ ತಂದು, ಹುಬ್ಬು ಗಂಟಿಕ್ಕಿದರು.

“ಐತೆ ಐತೆ. ಹುಣಸೆಹಣ್ಣು ಹಾಕಿ ತಿಕ್ಕವ್ವ.”

ಪಾತ್ರೆಯಲ್ಲಿ ಯಾವ ವಾಸನೆಯೂ ಇರಲಿಲ್ಲ. ಕಳೆದ ತಿಂಗಳು ಅವರಿಗೆ ಜ್ವರ ಬಂದು ಬಿಟ್ಟಿತ್ತು. ಆಮೇಲೆ ಅವರು ಸಾರಿಗೆ ಇಂಗು ಸಾಲದು ಎನ್ನುವುದನ್ನು ನಿಲ್ಲಿಸಿದ್ದರು. ಊದುಕಡ್ಡಿ ಹಚ್ಚಿದಾಗ ಕಣ್ಣಿನಿಂದ ಹೊಗೆಯನ್ನು ಹುಡುಕುತ್ತಿದ್ದರು. ಇವೆಲ್ಲ ನನ್ನ ಕಣ್ಣಿಗೆ ಬಿದ್ದಿದ್ದವು, ಆದರೆ ಒಂದಕ್ಕೊಂದು ಸೇರಿರಲಿಲ್ಲ. ಚೀಲದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ಕೇಳಲಾಗಲಿಲ್ಲ. ಇಡೀ ಬಜಾರಿನಲ್ಲಿ ಅಜ್ಜಿಯ ಮೂಗು ಎಂದರೆ ಮುದ್ರೆ ಒತ್ತಿದ ಹಾಗೆ. ಅದು ಹೋಗಿದೆ ಎಂದು ಸೊಸೆಯ ಬಾಯಲ್ಲಿ ಕೇಳುವುದು ಅವರಿಗೆ ಹೇಗಿದ್ದೀತು?

ರಾಣೆಬೆನ್ನೂರಿಗೆ ಚೀಲ ಕೊಳ್ಳಲು ಹೋಗಿದ್ದ ನಮ್ಮವರಿಗೆ ಫೋನ್ ಮಾಡಿದೆ. ಶಿಬಿರಕ್ಕೆ ಹೋದ ಚೀಲಗಳನ್ನು ನೀವು ನೋಡಿದಿರಾ ಎಂದು ಸುತ್ತಿ ಬಳಸಿ ಕೇಳಿದೆ. ಅವ್ವ ನೋಡಿದ ಮೇಲೆ ನಾನೇನು ನೋಡುವುದು ಎಂದು ಅವರು ನಕ್ಕರು. ಶಿಬಿರದಲ್ಲಿ ಮಕ್ಕಳ ಮೊಬೈಲ್ ತೆಗೆದಿಟ್ಟುಕೊಳ್ಳುತ್ತಾರೆ, ಸಂಜೆ ಒಮ್ಮೆ ಮಾತ್ರ ಕೊಡುತ್ತಾರೆ. ಅಲ್ಲಿ ತರಬೇತಿ ಕೊಡುವ ಸುಬೇದಾರರ ನಂಬರು ಹಚ್ಚಿದರೆ ಸ್ವಿಚ್ಡ್ ಆಫ್.

ಮಗಳಿಗೆ ಒಣಗಿದ ಕಾಲುಚೀಲ ಕೊಟ್ಟು ಬರುತ್ತೇನೆಂದು ಅತ್ತೆಯವರಿಗೆ ಹೇಳಿ ಹೊರಟೆ. ಅವರು ಒಂದು ಡಬ್ಬಿಗೆ ಖಾರದ ಮಂಡಕ್ಕಿ ತುಂಬಿ ಕೊಟ್ಟರು. “ಚೀಲ ಹೆಂಗ್ ಕೂತಾವ ನೋಡಿ ಬಾ” ಎಂದರು.

ಹರಿಹರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮುಂದಿನ ಸೀಟಿನವರ ಮಲ್ಲಿಗೆ, ಯಾರದೋ ಬೀಡಿ, ಹಿಂದಿನ ಸೀಟಿನ ಮೀನಿನ ಬುಟ್ಟಿ. ಒಂದೊಂದನ್ನೂ ಬೇರೆ ಮಾಡಿ ಮೂಸಿ ನೋಡುತ್ತಿದ್ದೆ. ನನ್ನ ಮೂಗನ್ನು ನಾನು ಎಂದೂ ಅಷ್ಟು ನೆಚ್ಚಿಕೊಂಡಿರಲಿಲ್ಲ. ಔಷಧಿ ಚೀಲವನ್ನು ಅತ್ತೆಯವರು ನನಗೆ ಒಂದೆರಡು ಬಾರಿ ದೂರದಿಂದ ತೋರಿಸಿದ್ದರು, ಅಷ್ಟೆ. ಈಗ ನೂರು ವಾಸನೆಗಳ ನಡುವೆ ಅದನ್ನು ಗುರುತಿಸಬಲ್ಲೆನೇ? ಹರಿಹರದಲ್ಲಿಳಿದು ಭಾನುವಳ್ಳಿ ಕಡೆಯ ಆಟೋ ಹಿಡಿದೆ. ಚಾನಲ್ಲು ಏರಿಯವರೆಗೂ ಕೆಂಪು ನೀರಿನಿಂದ ತುಂಬಿ ಹೊಳೆಯುತ್ತಿತ್ತು. ಡ್ರೈವರ್ ರಾತ್ರಿಯ ಮಳೆಗೆ ಎಲ್ಲೆಲ್ಲಿ ಏನೇನು ಕುಸಿಯಿತೆಂದು ಹೇಳುತ್ತಲೇ ಇದ್ದ.

ಮೈದಾನದಲ್ಲಿ ಮೊದಲು ಕಂಡದ್ದು ಮಣ್ಣಿನ ದಿಬ್ಬಗಳು ಮಾತ್ರ. ಹತ್ತಿರ ಹೋದ ಮೇಲೆ ಅವುಗಳ ಹಿಂದೆ ಸಾಲಾಗಿ ಹಸಿರು ಟೊಪ್ಪಿಗೆಗಳು ಕಂಡವು. ಮಗಳು ನನ್ನನ್ನು ನೋಡಿ ಕಂದಕದೊಳಗಿಂದಲೇ ಕಣ್ಣು ದೊಡ್ಡದು ಮಾಡಿದಳು. ಅವಳ ಪಕ್ಕದವಳು ಏನೋ ಹೇಳಿ ಕಿಸಕ್ಕೆಂದಳು.

“ಅಮ್ಮಾ, ಯಾಕ ಬಂದಿ? ಯಾರ ಅಮ್ಮನೂ ಬಂದಿಲ್ಲ.”

ಕಾಲುಚೀಲ ತೋರಿಸಿದೆ. ಅವಳಿಗೆ ಇನ್ನೂ ಅವಮಾನವಾಯಿತು. ಸುಬೇದಾರರು, ಮೀಸೆಯಲ್ಲಿ ಬಿಳಿ ಬಂದ, ಗದಗ ಕಡೆಯ ಮಾತಿನವರು, ಚೀಲ ಕೊಟ್ಟ ಮನೆಯವರೆಂದು ಗೊತ್ತಾದದ್ದೇ ತಡ ಕುರ್ಚಿ ತರಿಸಿದರು. ನಾನು ಕೂರಲಿಲ್ಲ. ಮೋರ್ಚಾ ನೋಡಬಹುದೇ ಎಂದು ಕೇಳಿದೆ. ಕಂದಕಕ್ಕೆ ಅವರೆಲ್ಲ ಮೋರ್ಚಾ ಎನ್ನುತ್ತಿದ್ದರು. ಅವರು ಮಗಳಿಗೇ ತೋರಿಸಲು ಹೇಳಿದರು.

ತೋರಿಸತೊಡಗಿದ ಮೇಲೆ ಅವಳು ಅವಮಾನವನ್ನು ಮರೆತಳು. ಕಂದಕ ನೇರವಾಗಿರಲಿಲ್ಲ, ಹಾವಿನಂತೆ ಮುರಿದು ಮುರಿದು ಹೋಗಿತ್ತು. ಒಂದು ತುಂಡಿನಲ್ಲಿ ಫಿರಂಗಿ ಗುಂಡು ಬಿದ್ದು ಸಿಡಿದರೆ ಪಕ್ಕದ ತುಂಡಿನವರು ಉಳಿಯಲಿ ಎಂದು ಹಾಗೆ. ತೋಡಿದ ಮಣ್ಣೆಲ್ಲ ಎದುರಿಗೆ ದಿಬ್ಬವಾಗಿತ್ತು. ಅದರ ಒಳಮೈಗೆ ಚೀಲಗಳನ್ನು ಇಟ್ಟಿಗೆಯ ಹಾಗೆ, ಒಂದು ಅಡ್ಡ ಒಂದು ಉದ್ದ, ಜೋಡಿಸಿದ್ದರು. ಎರೆಮಣ್ಣು ತಾನಾಗಿ ನಿಲ್ಲುವುದಿಲ್ಲ, ಅದಕ್ಕೇ ಚೀಲ ಬೇಕಾದದ್ದು. ತುಂಬ ಗಟ್ಟಿಯಾಗಿ ತುಂಬಬಾರದು, ಸಲಿಕೆಯಿಂದ ಬಡಿದರೆ ಚಪ್ಪಟೆಯಾಗಿ ಒಂದಕ್ಕೊಂದು ಕೂರಬೇಕು. ಬಾಯಿ ಕಟ್ಟಿದ ಕಡೆ, ಹೊಲಿಗೆಯ ಕಡೆ ಹೊರಗೆ ಕಾಣಬಾರದು, ಒಳಕ್ಕೆ ತಿರುಗಿಸಬೇಕು. ಹೊಲಿಗೆಯ ತರಗತಿಯಲ್ಲಿ ಸಿಸ್ಟರ್ ನಮಗೆ ಇದನ್ನೇ ಹೇಳುತ್ತಿದ್ದರು, ಅಂಚು ಒಳಗೆ, ಕಣ್ಣಿಗೆ ಮೈ ಮಾತ್ರ. ದಿಬ್ಬದ ತಲೆಯ ಮೇಲೆ ಹುಲ್ಲಿನ ಹೆಂಟೆಗಳನ್ನು ಕೂರಿಸಿದ್ದರು, ಅವು ರಾತ್ರಿಯ ಮಳೆಗೆ ಚಿಗುರಿದಂತೆಯೇ ಕಾಣುತ್ತಿದ್ದವು.

ಬೆನ್ನ ಹಿಂದೆಯೂ ಇನ್ನೊಂದು ದಿಬ್ಬವಿತ್ತು. ಶತ್ರು ಮುಂದಿರುವಾಗ ಹಿಂದೆ ಏಕೆ ಎಂದು ಕೇಳಿದೆ.

“ಎಲ್ಲಾರೂ ಮುಂದಿಂದ ಅಷ್ಟೇ ನೋಡ್ತಾರ್ರಿ, ಮೇಡಂ” ಎಂದರು ಸುಬೇದಾರರು. “ಗುಂಡು ಹಿಂದ ಬಿದ್ದು ಸಿಡಿದ್ರ ಬೆನ್ನು ಕಾಯೋದು ಇದು. ಕಟ್ಟೋವಾಗ ಹುಡುಗ್ಯಾರು ಬೇಸರ ಮಾಡ್ಕೋತಾರ, ಇದು ಕಾಣಂಗಿಲ್ಲ, ಮಾರ್ಕ್ಸ್ ಬರಂಗಿಲ್ಲ ಅಂತ.”

ನಾನು ಕೇಳುತ್ತಿದ್ದೆನಾದರೂ ಕಣ್ಣು ಮಗಳ ಕೆನ್ನೆಯ ಮೇಲಿತ್ತು. ಬಲಗೆನ್ನೆಯಲ್ಲಿ ಕೆಂಪಾಗಿ ಗೋಣಿಯ ಎಳೆಗಳ ಅಚ್ಚು ಬಿದ್ದಿತ್ತು. ಅವಳು ಎರಡು ಬಾರಿ ಕೆಮ್ಮಿದಳು. ಮಣ್ಣಿಗೆ ಕೆಮ್ಮುವುದಿದೆ, ಥಂಡಿಗೆ ಕೆಮ್ಮುವುದಿದೆ. ಯಾವ ಕೆಮ್ಮು ಇದು?

ಕೆಳಗಿಳಿಯಲೇ ಎಂದು ಕೇಳಿ, ಸೀರೆಯ ನೆರಿಗೆ ಎತ್ತಿಕೊಂಡು ಮೆಟ್ಟಿಲಿನಂತೆ ಕಡಿದ ಜಾಗದಲ್ಲಿ ಕಂದಕಕ್ಕಿಳಿದೆ. ಒಳಗೆ ತಣ್ಣಗಿತ್ತು. ಎರಡೂ ಕಡೆಯ ದಿಬ್ಬಗಳ ನಡುವೆ ಆಕಾಶ ಒಂದು ಪಟ್ಟಿಯಷ್ಟೇ ಉಳಿದಿತ್ತು. ಹುಡುಗಿಯರು ಮೊಣಕೈ ಊರುವ ಕಟ್ಟೆಯ ಹತ್ತಿರ ಬಗ್ಗಿ, ನೋಡುವವಳ ಹಾಗೆ ಮುಖವನ್ನು ಚೀಲಗಳ ಹತ್ತಿರ ತಂದು ಉಸಿರೆಳೆದೆ. ಒದ್ದೆ ಮಣ್ಣು. ಸೆಣಬು. ಮುಂದಿನದಕ್ಕೆ ಹೋದೆ. ಶೇಂಗಾದ ಹಳೆಯ ಎಣ್ಣೆ ಇರಬಹುದು. ಮತ್ತೆ ಮಣ್ಣು. ಬಲಮೂಲೆಯ ಮೇಲಿನ ಸಾಲಿಗೆ ಬಂದಾಗ ಏನೋ ಚುಚ್ಚಿತು. ಸೀಮೆಎಣ್ಣೆಯಂಥದು, ಗಂಟಲ ಹಿಂದೆ ಹೋಗಿ ಕೂರುವಂಥದು. ಅದು ಕಹಿಯೇ ಎಂದು ನನಗೆ ನಾನೇ ಕೇಳಿಕೊಂಡೆ. ಮತ್ತೆ ಮೂಸಿದೆ. ಎರಡನೇ ಬಾರಿಗೆ ಏನೂ ಇರಲಿಲ್ಲ. ಮೂರನೇ ಬಾರಿಗೆ ಇತ್ತು.

“ಅಮ್ಮ, ಅದೇನ್ ಮೂಸ್ತಾ ಇದ್ದೀ?” ಮಗಳು ಮೆಲ್ಲಗೆ ಕೇಳಿದಳು.

ಶಾಲೆಯಲ್ಲಿ ಕೈ ಎತ್ತದೆ ಮಾತಾಡಬಾರದೆಂದು ಕಲಿತವಳು ನಾನು. ಖಾತ್ರಿಯಿಲ್ಲದ್ದನ್ನು ಹೇಳಿ ಹತ್ತು ಜನರ ಕೆಲಸ ಕೆಡಿಸುವುದು ನನ್ನಿಂದಾಗದ ಮಾತು. ಆದರೆ ಆ ಕೆನ್ನೆಯ ಅಚ್ಚು ನನ್ನ ಕಣ್ಣೆದುರಿಗೇ ಇತ್ತು. ಮೇಲೆ ಹತ್ತಿ ಬಂದು ಸುಬೇದಾರರನ್ನು ಪಕ್ಕಕ್ಕೆ ಕರೆದೆ. ಚೀಲ ಆರಿಸುವಾಗ ನಮ್ಮ ಮನೆಯಲ್ಲಿ ತಪ್ಪಾಗಿರಬಹುದು, ಅದರಲ್ಲಿ ಔಷಧಿ ಸವರಿದ ಚೀಲ ಸೇರಿರಬಹುದು, ಖಂಡಿತವಾಗಿ ಹೇಳಲಾರೆ ಎಂದೆ. ಯಾರ ತಪ್ಪು ಎಂದು ಅವರು ಕೇಳಲಿಲ್ಲ. ಅದಕ್ಕೆ ಅವರಿಗೆ ಇಂದಿಗೂ ಋಣಿ. ಗಡಿಯಾರ ನೋಡಿದರು, ದಿಬ್ಬವನ್ನು ನೋಡಿದರು, ಬಾಯಲ್ಲಿ ಗಾಳಿ ತುಂಬಿ ಬಿಟ್ಟರು.

ಆಮೇಲೆ ಒಂದೇ ಮಾತಿನಲ್ಲಿ ಆಜ್ಞೆ ಕೊಟ್ಟರು. ಎಲ್ಲ ಚೀಲ ತೆಗೆಯಬೇಕು, ಕೈ ಮುಖ ಸೋಪು ಹಾಕಿ ತೊಳೆಯಬೇಕು, ಆಮೇಲೆ ಬರೀ ಮಣ್ಣಿನಲ್ಲಿ ಎಷ್ಟಾಗುತ್ತದೋ ಅಷ್ಟು.

ಹುಡುಗಿಯರಲ್ಲಿ ಒಬ್ಬಳು ನನ್ನ ಮಗಳ ಕಡೆ ಒಮ್ಮೆ ನೋಡಿ ಗುದ್ದಲಿ ಎತ್ತಿಕೊಂಡಳು. ಚೀಲದ ಸಾಲುಗಳು ಹೋದಂತೆ ಹಿಂದಿನ ಎರೆಮಣ್ಣು ಮೆಲ್ಲಗೆ ಜಾರತೊಡಗಿತು. ಹುಲ್ಲಿನ ಹೆಂಟೆಗಳು ಒಂದೊಂದಾಗಿ ಓರೆಯಾಗಿ ಕಂದಕದೊಳಗೆ ಬಿದ್ದವು. ಅವರು ಎತ್ತಿ ಹಾಕುತ್ತಿದ್ದರು, ಅದು ಮತ್ತೆ ಜಾರುತ್ತಿತ್ತು. ಪಕ್ಕದ ಗುಂಪಿನವರು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ತಮ್ಮ ದಿಬ್ಬದ ಹಿಂದಿನಿಂದ ತಲೆ ಎತ್ತಿ ನೋಡುತ್ತಿದ್ದರು.

ಮಗಳು ಕೈ ತೊಳೆಯುವ ನೆಪದಲ್ಲಿ ನನ್ನ ಹತ್ತಿರ ಬಂದಳು. ಅವಳ ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು.

“ಅಜ್ಜಿ ಆರಿಸಿದ್ದು ಅಂತ ಎಲ್ಲಾರ ಮುಂದೆ ಹೇಳಿದ್ದೆ. ಅಜ್ಜಿ ತಪ್ಪು ಮಾಡಂಗಿಲ್ಲ.”

ಅವಳಿಗಾದರೂ ಹೇಳಬೇಕಿತ್ತು. ಅಜ್ಜಿಗೆ ವಾಸನೆ ಬರುತ್ತಿಲ್ಲ, ಜ್ವರ ಬಂದಾಗಿನಿಂದ ಬರುತ್ತಿಲ್ಲ, ಯಾರಿಗೂ ಹೇಳಿಲ್ಲ ಎಂದೆ. ಅವಳು ನೊರೆಯ ಕೈಗಳನ್ನು ಹಾಗೇ ಹಿಡಿದುಕೊಂಡು ನಿಂತಳು. ಆ ಮುಖದಿಂದ ಸಿಟ್ಟು ಇಳಿಯುವುದನ್ನು ನೋಡಿದೆ, ಅದರ ಜಾಗಕ್ಕೆ ಬಂದದ್ದು ಸಿಟ್ಟಿಗಿಂತ ಭಾರವಾಗಿತ್ತು.

“ಚೀಲ ತಗದ್ವಿ ಅಂತ ಅಜ್ಜಿಗೆ ಹೇಳ್ಬ್ಯಾಡ” ಎಂದಳು.

ಮಂಡಕ್ಕಿಯ ಡಬ್ಬಿಯನ್ನು ಕೊಟ್ಟೆ. ಅಧಿಕಾರಿಯ ಜೀಪು ಬರುವ ಮೊದಲೇ ಹೊರಟುಬಿಟ್ಟೆ. ಆಟೋದಲ್ಲಿ ಕುಳಿತು ತಿರುಗಿ ನೋಡಿದಾಗ ಅವರ ಮುಂದಿನ ದಿಬ್ಬ ಮೊಣಕಾಲಿನ ಎತ್ತರಕ್ಕೆ ಇಳಿದಿತ್ತು. ಹಿಂದಿನದು ಮಾತ್ರ, ಚೀಲವಿಲ್ಲದೆ ಬರೀ ಮಣ್ಣಿನಲ್ಲಿ ಮೊದಲೇ ಬಡಿದು ಕಟ್ಟಿದ್ದರಿಂದಲೋ ಏನೋ, ಹಾಗೆಯೇ ನಿಂತಿತ್ತು.

ದಾವಣಗೆರೆ ಮುಟ್ಟುವಷ್ಟರಲ್ಲಿ ಬಿಸಿಲು ಬಂದಿತ್ತು. ಅತ್ತೆಯವರು ಜಗುಲಿಯ ಮೇಲೆ ಹೊಸ ಕಟ್ಟು ಬಿಚ್ಚಿಕೊಂಡು ಕುಳಿತಿದ್ದರು. ಮೊದಲಿನಂತೆಯೇ ಚೀಲದ ಬಾಯಿಗೆ ಮುಖ ಇಟ್ಟು ತೆಗೆದರು. ಆದರೆ ಎಡಕ್ಕೂ ಎಸೆಯಲಿಲ್ಲ, ಬಲಕ್ಕೂ ಎಸೆಯಲಿಲ್ಲ, ಮಡಿಲಲ್ಲೇ ಇಟ್ಟುಕೊಂಡರು. ಹಾಗೆ ಇಟ್ಟುಕೊಂಡವು ಆಗಲೇ ಒಂದು ರಾಶಿಯಾಗಿದ್ದವು. ಯಾರಿಗಾಗಿ ಕಾಯುತ್ತಿದ್ದಾರೆ ಎಂದು ಕೇಳಬೇಕೆನಿಸಿತು.

“ಹೆಂಗ್ ಕೂತಾವ?” ಎಂದರು.

“ಚಲೋ ಕೂತಾವ, ಅತ್ತೇರ.” ಅವರು ತಲೆಯಾಡಿಸಿ, ಮೊಮ್ಮಗಳು ಏನೆಂದಳು, ಊಟ ಸರಿಯಾಗಿ ಮಾಡುತ್ತಿದ್ದಾಳೆಯೇ ಎಂದೆಲ್ಲ ಕೇಳಿದರು. ಉತ್ತರಿಸುತ್ತಾ ಹೋದೆ. ಎಲ್ಲಕ್ಕೂ ಚಲೋ ಎಂದೇ ಉತ್ತರ.

ಸಂಜೆ ಮಗಳ ಫೋನು ಬಂತು. ಕೆಮ್ಮು ಇಲ್ಲ, ಕೆನ್ನೆಯ ಅಚ್ಚು ಹೋಗಿದೆ ಎಂದಳು. ಫಲಿತಾಂಶವನ್ನು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹಿಂದೆ ಯಾರೋ ಚಪ್ಪಾಳೆ ತಟ್ಟುತ್ತಿದ್ದರು, ಅವಳ ಗುಂಪಿಗಲ್ಲ ಎಂದು ಅವಳ ದನಿಯಲ್ಲೇ ತಿಳಿಯಿತು. ಆದರೂ ಮನಸ್ಸು ಹಗುರಾಗಲಿಲ್ಲ. ಅಂಥ ವಿಷ ರಾತ್ರಿ ಕಳೆದ ಮೇಲೆ ಏರುತ್ತದೆಯೇ, ಯಾರನ್ನು ಕೇಳುವುದು ಎಂದು ಅಂಗಳದಲ್ಲಿ ಒಣಗಿದ ಬಟ್ಟೆ ಎತ್ತುತ್ತಾ ಅದನ್ನೇ ತಿರುಗಿಸಿ ತಿರುಗಿಸಿ ಯೋಚಿಸುತ್ತಿದ್ದೆ.

ಗೋಡೆಯಾಚೆ ಭಾಬಿ ಕೂಡ ಬಟ್ಟೆ ತೆಗೆಯುತ್ತಿದ್ದರು. ಬೆಳಿಗ್ಗೆ ಹಾಲು ಪೂರ್ತಿ ಹೋಯಿತೇ ಎಂದು ಕೇಳಿದರು. ಮಗಳ ಶಿಬಿರಕ್ಕೆ ಹೋಗಿದ್ದೆನೆಂದು ಹೇಳಿದೆ. ಅವರು ದಿಂಬಿನ ಕವರೊಂದನ್ನು ಎರಡು ಸಲ ಝಾಡಿಸಿ, ಮೂಗಿಗೆ ಹಿಡಿದು, ಒಣಗಿದೆಯೆಂದು ಖಾತ್ರಿ ಮಾಡಿಕೊಂಡು, ಮಡಚುತ್ತಲೇ ಅಂದರು:

“ಆ ಶಿಬಿರದ ಚೀಲ ಮೂಸಾಕ ನಿಮ್ಮತ್ತೇರು ನನ್ನ ಕರದು ಕೂರ್ಸಿದ್ರಲ್ರಿ ಅವತ್ತು, ನೀವು ಊರಾಗಿರ್ಲಿಲ್ಲ. ಒಂದೊಂದನ್ನೂ ಎರಡೆರಡು ಸಲ. ಔಷಧಿ ವಾಸ್ನಿದು ಒಂದೂ ಹೋಗ್ಲಿಲ್ಲ. ಕೊನೀಗೆ ಹೊಸಾವು ಒಂದಿಷ್ಟು ಸೀಮೆಎಣ್ಣಿ ನಾರಿದ್ವು, ಇವು ಬ್ಯಾಡ್ರಿ ಅಂದೆ, ಅದು ಗೋಣಿ ನೇಯೋ ಮಿಲ್ಲಿನ ಎಣ್ಣಿ, ಹೊಸಾವಕ್ಕೆಲ್ಲ ಇರ್ತೈತೆ, ಏನೂ ಆಗಲ್ಲ ಅಂದ್ರು. ಅವತ್ತಿಂದ ನಂಗ ನಮ್ಮನಿ ಚಹಾನೂ ಗೋಣಿ ವಾಸ್ನಿ ಬರ್ತೈತೆ ನೋಡ್ರಿ.”